ಶ್ರುತಿ ತಿದ್ದುವುದು ಸರಿಯೇ?

ಮೇರಿಲ್ಯಾಂಡ್ ಆಗಲಿ, ವರ್ಜೀನಿಯಾ ಆಗಲಿ, ಅಟ್ಲಾಂಟಾ, ಶಾರ್ಲಟ್, ರಾಲಿ ಆಗಲಿ, ಪುರಂದರದಾಸರ ಆರಾಧನೆ ಬಂತೆಂದರೆ ನಮ್ಮ ಮಕ್ಕಳು ರೇಷ್ಮೆ ಲಂಗ, ಜುಬ್ಬ ತೊಟ್ಟು ಸಾಲಾಗಿ ಕುಳಿತು ಪಿಳ್ಳಾರಿ ಗೀತೆ ಹಾಡುವ ದೃಶ್ಯ ನಮಗೆಲ್ಲ ಚಿರಪರಿಚಿತ. ಒಬ್ಬಳ ದನಿ ಸ್ವಲ್ಪ ಮೇಲೆ, ಇನ್ನೊಬ್ಬನದು ಸ್ವಲ್ಪ ಕೆಳಗೆ, ಮೂರನೆಯವನು ಅಮ್ಮನ ಕಡೆ ನೋಡುತ್ತಾ ಬಾಯಿ ಮಾತ್ರ ಆಡಿಸುತ್ತಾನೆ. ನಾವು ಮೊಬೈಲ್ ಎತ್ತಿ ಹಿಡಿದು ರೆಕಾರ್ಡ್ ಮಾಡಿಕೊಳ್ಳುತ್ತೇವೆ. ರಾತ್ರಿಯೊಳಗೆ ಅದು ವಾಟ್ಸಾಪ್‌ನಲ್ಲಿ ಊರು ತಲುಪಿರುತ್ತದೆ. ಈಚೆಗೆ ಈ ಕ್ರಮಕ್ಕೆ ಇನ್ನೊಂದು ಹೆಜ್ಜೆ ಸೇರಿಕೊಂಡಿದೆ. ಕಳಿಸುವ ಮೊದಲು ‘ಸ್ವಲ್ಪ ಸರಿಮಾಡುವುದು’. ಲ್ಯಾಪ್‌ಟಾಪಿನಲ್ಲಿ ಒಂದು ಗುಂಡಿ ಒತ್ತಿದರೆ ಅಪಶ್ರುತಿಯೆಲ್ಲ ಮಾಯ. ಹೀಗೆ ಮಾಡಬಹುದೇ, ಮಾಡಿದರೆ ಯಾರಿಗಾದರೂ ಮೋಸವಾಗುತ್ತದೆಯೇ ಎಂಬುದು ಈ ಲೇಖನದ ಪ್ರಶ್ನೆ.

ನಾನು ವೃತ್ತಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಸಂಗೀತದಲ್ಲಿ ವಿದ್ವಾಂಸನಲ್ಲ, ಬರೀ ಕುತೂಹಲಿ. ಹಾಸ್ಟೆಲ್ ದಿನಗಳಲ್ಲಿ ಗಿಟಾರ್ ಹಿಡಿದವನು, ಇಲ್ಲಿಗೆ ಬಂದ ಮೇಲೆ ಬೇಸ್‌ಮೆಂಟಿನಲ್ಲಿ ಒಂದು ಮೈಕು, ಒಂದು ಕೀಬೋರ್ಡು ಇಟ್ಟುಕೊಂಡು ರೆಕಾರ್ಡಿಂಗ್ ಕಲಿಯುತ್ತಿದ್ದೇನೆ. ರಾಗಶಾಸ್ತ್ರದ ಪುಸ್ತಕ ಒಂದು ಕೈಯಲ್ಲಿ, ಸಾಫ್ಟ್‌ವೇರ್ ಮ್ಯಾನ್ಯುಯಲ್ ಇನ್ನೊಂದು ಕೈಯಲ್ಲಿ. ಹೀಗಾಗಿ ಸ್ನೇಹಿತರ ಮಕ್ಕಳ ಹಾಡುಗಳು ‘ಸರಿಮಾಡಲು’ ನನ್ನ ಬಳಿಗೆ ಬರುತ್ತವೆ. ಈ ಪ್ರಶ್ನೆ ನನ್ನನ್ನು ಕಾಡುವುದಕ್ಕೆ ಕಾರಣ ಅದೇ.

ಮೊದಲು ಯಂತ್ರದ ವಿಚಾರ ನೋಡೋಣ. ಶ್ರುತಿ ತಿದ್ದುವ ಸಾಫ್ಟ್‌ವೇರ್‌ಗಳಲ್ಲಿ ಹೆಸರು ಮಾಡಿದ ‘ಆಟೋ-ಟ್ಯೂನ್’ ಬಂದದ್ದು 1997ರಲ್ಲಿ. ಅದನ್ನು ಬರೆದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮುಂಚೆ ತೈಲ ಹುಡುಕುವ ಉದ್ಯಮದಲ್ಲಿದ್ದವರು. ನೆಲದಾಳಕ್ಕೆ ಕಂಪನ ಕಳಿಸಿ, ಹಿಂತಿರುಗಿ ಬರುವ ಅಲೆಗಳ ಲೆಕ್ಕದಿಂದ ಕೆಳಗೇನಿದೆ ಎಂದು ತಿಳಿಯುವ ವಿದ್ಯೆ ಅದು. ಅದೇ ಬಗೆಯ ಗಣಿತವನ್ನು ಅವರು ಮನುಷ್ಯನ ಕಂಠಕ್ಕೆ ಹಚ್ಚಿದರು. 1998ರಲ್ಲಿ ಷೇರ್ ಎಂಬ ಗಾಯಕಿಯ ‘ಬಿಲೀವ್’ ಹಾಡು ಜಗತ್ತನ್ನೆಲ್ಲ ಸುತ್ತಿತು. ಅದರಲ್ಲಿ ದನಿ ಯಂತ್ರದಂತೆ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದೆ. ಇದು ಹೇಗಾಯಿತೆಂದು ಕೇಳಿದಾಗ ಅದರ ನಿರ್ಮಾಪಕರು ಮೊದಮೊದಲು ಬೇರೊಂದು ಉಪಕರಣದ ಹೆಸರು ಹೇಳಿ ಗುಟ್ಟು ಕಾಪಾಡಿಕೊಂಡರು. ತಿದ್ದುವ ಯಂತ್ರಕ್ಕೆ ಮುಚ್ಚಿಡುವ ಗುಣ ಹುಟ್ಟಿನಿಂದಲೇ ಅಂಟಿಕೊಂಡು ಬಂದಂತಿದೆ!

ಈಗ ಸ್ವಲ್ಪ ಲೆಕ್ಕ, ಬೇಸರಿಸಬೇಡಿ. ನಮ್ಮ ಮಕ್ಕಳು ಮೊದಲು ಕಲಿಯುವ ರಾಗ ಮಾಯಾಮಾಳವಗೌಳ. ಸರಳೆ ವರಸೆಗೆ ಅದನ್ನು ಆರಿಸಿಕೊಟ್ಟವರು ಪುರಂದರದಾಸರೇ ಎಂಬುದು ಸಂಪ್ರದಾಯ. ಅದರಲ್ಲಿರುವುದು ಅಂತರ ಗಾಂಧಾರ. ಷಡ್ಜ ಸೆಕೆಂಡಿಗೆ 200 ಕಂಪನ ಎಂದಿಟ್ಟುಕೊಂಡರೆ, ತಂಬೂರಿಯೊಡನೆ ಬೆರೆಯುವ ಅಂತರ ಗಾಂಧಾರ 250. ತಂಬೂರಿಯ ಷಡ್ಜದ ತಂತಿಯೊಳಗೇ ಐದರಷ್ಟು ಕಂಪನದ, ಅಂದರೆ 1000ದ, ಒಂದು ಸಣ್ಣ ದನಿ ಅಡಗಿದೆ. 250ರ ಗಾಂಧಾರದ ನಾಲ್ಕು ಪಟ್ಟೂ 1000, ಎರಡೂ ಕೂಡಿಕೊಳ್ಳುತ್ತವೆ. ಗುರುಗಳು ‘ತಂಬೂರಿ ಕೇಳು, ಗಾಂಧಾರ ಅದರಲ್ಲೇ ಇದೆ’ ಎನ್ನುವುದು ಬರೀ ಭಾವುಕತೆಯಲ್ಲ. ಆದರೆ ಪಿಯಾನೋದಲ್ಲಿ ಒಂದು ಸ್ಥಾಯಿಯನ್ನು ಸಮವಾಗಿ 12 ಪಾಲು ಮಾಡಿರುವುದರಿಂದ ಅಲ್ಲಿನ ಗಾಂಧಾರ 252ಕ್ಕೆ ಬೀಳುತ್ತದೆ. ಅದರ ನಾಲ್ಕು ಪಟ್ಟು 1008. ತಂಬೂರಿಯ ಜೊತೆ ಇಟ್ಟರೆ ಸೆಕೆಂಡಿಗೆ ಎಂಟು ಸಲ ಸಣ್ಣಗೆ ಅಲುಗುತ್ತದೆ. ಯಂತ್ರ ಸುಮ್ಮನೆ ಹಿಡಿದುಕೊಳ್ಳುವುದು ಈ ಪಿಯಾನೋದ ಅಳತೆಯನ್ನು. ಅಂದರೆ ಏಳು ವರ್ಷದ ಹುಡುಗಿ ತಂಬೂರಿ ಕೇಳಿಸಿಕೊಂಡು ಸರಿಯಾಗಿ 250ರಲ್ಲಿ ನಿಂತರೆ, ಯಂತ್ರ ಅದನ್ನು ‘ತಪ್ಪು’ ಎಂದು ಮೇಲಕ್ಕೆ ತಳ್ಳುತ್ತದೆ! ಬೇರೆ ಅಳತೆ ಆರಿಸಿಕೊಳ್ಳುವ ಸೌಲಭ್ಯವೂ ಸಾಫ್ಟ್‌ವೇರಿನಲ್ಲಿ ಇರುತ್ತದೆ, ನಿಜ. ಆದರೆ ಆರಿಸಬೇಕೆಂದು ಗುಂಡಿ ಒತ್ತುವವನಿಗೆ ತಿಳಿದಿರಬೇಕಲ್ಲ? ಶಾಸ್ತ್ರ ಕಲಿತರೆ ಸೃಜನಶೀಲತೆ ಸಾಯುತ್ತದೆ ಎನ್ನುವ ಗೆಳೆಯರಿಗೆ ನಾನು ಹೇಳುವುದು ಇಷ್ಟೇ. ಶಾಸ್ತ್ರ ಕಲಿಯದಿದ್ದರೆ ಬೇರೆ ಯಾರೋ ಕಲಿತ ಶಾಸ್ತ್ರ ಯಂತ್ರದೊಳಗೆ ಕುಳಿತು ನಿಮ್ಮ ಪರವಾಗಿ ತೀರ್ಮಾನ ಮಾಡುತ್ತಿರುತ್ತದೆ.

ಗಮಕದ ಕಥೆ ಇನ್ನೂ ಕಷ್ಟ. ತೋಡಿಯ ಗಾಂಧಾರ ಒಂದು ಮನೆಯಲ್ಲಿ ಕೂರುವುದೇ ಇಲ್ಲ, ರಿಷಭ ಮಧ್ಯಮಗಳ ನಡುವೆ ತೂಗುತ್ತಿರುತ್ತದೆ. ಅದನ್ನು ಮೊಳೆ ಹೊಡೆದು ನಿಲ್ಲಿಸಿದರೆ ಸ್ವರ ಉಳಿಯುತ್ತದೆ, ತೋಡಿ ಹೋಗುತ್ತದೆ. ಈ ಜಗಳ ಹೊಸದೇನಲ್ಲ. ಹಾರ್ಮೋನಿಯಂ ಮನೆಗಳು ನಮ್ಮ ಶ್ರುತಿಗಳಿಗೆ ಒಗ್ಗುವುದಿಲ್ಲ, ಗಮಕ ಅದರಲ್ಲಿ ಬರುವುದಿಲ್ಲ ಎಂಬ ವಾದದ ಮೇಲೆ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಆ ನಿಷೇಧ ಅತಿಯಾಯಿತೆಂದೇ ನನ್ನ ಅನಿಸಿಕೆ. ಧಾರವಾಡ, ಹುಬ್ಬಳ್ಳಿಯ ಕಛೇರಿಗಳಲ್ಲಿ ಹಾರ್ಮೋನಿಯಂ ಹಾಡುಗಾರರ ಬೆನ್ನಿಗೆ ಎಷ್ಟು ಚೆನ್ನಾಗಿ ನಿಲ್ಲುತ್ತದೆ ಎಂಬುದನ್ನು ಕೇಳಿದವರೇ ಬಲ್ಲರು.

ಕೆರೊಲಿನಾದವರು ಬಿಡುವಾದಾಗ ಆ್ಯಶ್‌ವಿಲ್ ಕಡೆ ಹೋದರೆ ಅಲ್ಲಿ ಬಾಬ್ ಮೂಗ್ ಅವರ ನೆನಪಿಗೆ 2019ರಲ್ಲಿ ತೆರೆದ ವಸ್ತುಸಂಗ್ರಹಾಲಯದ ಬಗ್ಗೆ ಕೇಳಿ ನೋಡಿ. 1964ರಲ್ಲಿ ಸಿಂಥಸೈಜರ್ ಕಟ್ಟಿದ ಈ ಇಂಜಿನಿಯರ್ 1978ರಲ್ಲಿ ಉತ್ತರ ಕೆರೊಲಿನಾಗೆ ಬಂದು, 2005ರಲ್ಲಿ ತೀರಿಕೊಳ್ಳುವವರೆಗೆ ಆ ಸೀಮೆಯಲ್ಲೇ ಇದ್ದರು. ವಿದ್ಯುತ್ತಿನಿಂದ ಯಾವ ದನಿ ಬೇಕಾದರೂ ಹೊರಡಿಸಬಹುದಾದ ಪೆಟ್ಟಿಗೆಗೆ ಅವರು ಪಿಯಾನೋದ ಕಪ್ಪು-ಬಿಳಿ ಮನೆಗಳನ್ನು ಜೋಡಿಸಿದರು. ಅದೇ ಕಾಲಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಡಾನ್ ಬುಕ್ಲಾ ಅಂಥದೇ ಪೆಟ್ಟಿಗೆಗೆ ಆ ಮನೆಗಳು ಬೇಡವೆಂದರು. ಜನ ಕೊಂಡದ್ದು ಹೆಚ್ಚಾಗಿ ಮೂಗ್ ಅವರದನ್ನು. ಆದರೆ 1970ರ ಮಿನಿಮೂಗ್‌ನಲ್ಲಿ ಮನೆಗಳ ಪಕ್ಕಕ್ಕೆ ಒಂದು ಗಾಲಿಯೂ ಬಂತು. ಸ್ವರವನ್ನು ಎಡಗೈಯಲ್ಲಿ ಜಾರಿಸಲು, ನಮ್ಮ ಮಾತಿನಲ್ಲಿ ಜಾರು ಹಿಡಿಯಲು. ನಾನಂತೂ ಆ ಗಾಲಿಯಿಲ್ಲದ ಕೀಬೋರ್ಡ್ ಮುಟ್ಟುವುದಿಲ್ಲ.

ಹಾಗಾದರೆ ಯಂತ್ರವೇ ಬೇಡವೇ? ಇಂಜಿನಿಯರ್ ಆಗಿ ಹಾಗೆ ಹೇಳಿದರೆ ಉಂಡ ಮನೆಗೆ ಎರಡು ಬಗೆದಂತೆ. ನಮ್ಮ ಸಂಗೀತಗಾರರು ಹೊಸ ಉಪಕರಣಗಳಿಗೆ ಎಂದೂ ಹೆದರಿದವರಲ್ಲ. 1902ರಲ್ಲಿ ಗೌಹರ್ ಜಾನ್ ಗ್ರಾಮಫೋನ್ ಮುಂದೆ ನಿಂತಾಗ ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಕುಗ್ಗಿಸಬೇಕಾಯಿತು, ಅವರು ಕುಗ್ಗಿಸಿ ಹಾಡಿದರು. ಮೈಸೂರಿನ ಟಿ. ಚೌಡಯ್ಯನವರು (1895–1967) ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಪಿಟೀಲು ಕೇಳಿಸಲೆಂದು ಏಳು ತಂತಿಯ ಪಿಟೀಲನ್ನೇ ಮಾಡಿಸಿದರು. ಬಂಟ್ವಾಳ ತಾಲೂಕಿನ ಕದ್ರಿ ಗೋಪಾಲನಾಥರು (1949–2019) ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ಕರ್ನಾಟಕ ಸಂಗೀತದ ಗಮಕಕ್ಕೆ ಅದನ್ನು ಒಗ್ಗಿಸಲು ಅವರಿಗೆ ವರ್ಷಾನುಗಟ್ಟಲೆ ಹಿಡಿಯಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿ ಬಂದರು.

ಇವೆಲ್ಲ ಯಂತ್ರವೇ. ಆದರೆ ಏಳು ತಂತಿ ಚೌಡಯ್ಯನವರ ಕೈಗೆ ಕೆಲಸ ಹೆಚ್ಚಿಸಿತು, ಸ್ಯಾಕ್ಸೊಫೋನ್ ಗೋಪಾಲನಾಥರ ಉಸಿರಿಗೆ ಹೊಸ ಪಾಠ ಹೇಳಿತು. ಆಟೋ-ಟ್ಯೂನ್ ಕೆಲಸ ಕಡಿಮೆ ಮಾಡುತ್ತದೆ. ‘ಬೆಂಗಳೂರಿನ ರಾಡೆಲ್ ಎಲೆಕ್ಟ್ರಾನಿಕ್ ತಂಬೂರಿಯೂ ಕೆಲಸ ಕಡಿಮೆ ಮಾಡಿತಲ್ಲ?’ ಎಂದು ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆಯೇ. ತಂಬೂರಿ ಶ್ರುತಿ ಮಾಡುವ ಕಷ್ಟವನ್ನು ಅದು ತಪ್ಪಿಸಿತು, ಅದರ ಜೊತೆ ಒಂದು ಒಳ್ಳೆಯ ಅಭ್ಯಾಸವೂ ಹೋಯಿತು. ಆದರೆ ಅದು ಹಾಡುವವನ ಪಕ್ಕದಲ್ಲಿ ಕೂರುತ್ತದೆ, ಅವನ ಗಂಟಲಿನೊಳಗೆ ಕೂರುವುದಿಲ್ಲ. ನೀವು ತಪ್ಪಿದರೆ ನೀವು ತಪ್ಪಿದ್ದು ಅದರಿಂದಲೇ ಗೊತ್ತಾಗುತ್ತದೆ. ಬೇಸ್‌ಮೆಂಟಿನಲ್ಲಿ ಪಾಠ ಹೇಳಿಸಿಕೊಳ್ಳುವ ನಮ್ಮ ಮಕ್ಕಳಿಗೆ ಅದು ದೊಡ್ಡ ಉಪಕಾರವೇ.

ಹೋದ ವರ್ಷ ಸ್ನೇಹಿತರೊಬ್ಬರು ಮಗಳ ದೇವರನಾಮದ ರೆಕಾರ್ಡಿಂಗ್ ಕಳಿಸಿ, ‘ಮಧ್ಯಮ ಸ್ವಲ್ಪ ಕೆಳಗೆ ಬೀಳ್ತಿದೆ, ಟ್ಯೂನ್ ಮಾಡಿಬಿಡಿ, ದಾವಣಗೆರೆಗೆ ಅಜ್ಜಿಗೆ ಕಳಿಸ್ಬೇಕು’ ಎಂದರು. ಇಲ್ಲಿ ಮೋಸ ಯಾರಿಗೆ? ಅಜ್ಜಿಗಂತೂ ಅಲ್ಲ. ಅಜ್ಜಿಗೆ ಬೇಕಾದದ್ದು ಮುಂದಿನ ಹಲ್ಲು ಬಿದ್ದ ಮೊಮ್ಮಗಳ ದನಿ, ಮಧ್ಯಮ ಎಲ್ಲಿದ್ದರೂ ಅವರಿಗೆ ಸಂತೋಷವೇ. ಸಿನಿಮಾ ಹಾಡು ಕೇಳುವವರಿಗೂ ಮೋಸವೇನಿಲ್ಲ. ಅದು ಹತ್ತು ಸಲ ಹಾಡಿಸಿ, ತುಂಡು ತುಂಡು ಸೇರಿಸಿ ಮಾಡಿದ್ದೆಂದು ಎಲ್ಲರಿಗೂ ಗೊತ್ತು. ನನ್ನ ಮಟ್ಟಿಗೆ ಮೋಸ ಆಗುವುದು ಆ ಹುಡುಗಿಗೆ. ಅವಳು ತಿದ್ದಿದ ದನಿಯನ್ನು ಕೇಳಿ ‘ನಾನು ಹಾಡಿದ್ದು ಹೀಗೆ’ ಎಂದು ನಂಬುತ್ತಾಳೆ. ಶ್ರುತಿ ತಪ್ಪಿದ್ದು ಕಿವಿಗೆ ಗೊತ್ತಾಗಿ, ಮುಜುಗರವಾಗಿ, ಮತ್ತೆ ಹಾಡಿ, ಒಂದು ದಿನ ಸರಿಹೋಯಿತು ಎನ್ನುವ ದಾರಿಯನ್ನೇ ನಾವು ಮುಚ್ಚಿಬಿಡುತ್ತೇವೆ. ಅಪಶ್ರುತಿ ಅವಳ ಆಸ್ತಿ. ಅವಳನ್ನು ಕೇಳದೆ ತೆಗೆಯುವ ಹಕ್ಕು ಅಪ್ಪನಿಗೂ ಇಲ್ಲ, ನನಗೂ ಇಲ್ಲ.

ಹಾಗೆಂದು ಸ್ನೇಹಿತರಿಗೆ ಉಪದೇಶ ಮಾಡಲಿಲ್ಲ. ಹುಡುಗಿಯನ್ನು ಕರೆಸಿ, ಹೆಡ್‌ಫೋನ್ ಹಾಕಿ, ಅವಳ ಹಾಡನ್ನು ತಂಬೂರಿಯ ಜೊತೆ ಹಾಗೇ ಕೇಳಿಸಿ, ‘ಎಲ್ಲಿ ಸರಿಯಿಲ್ಲ ಅನ್ಸುತ್ತೋ ಅಲ್ಲಿ ಕೈ ಎತ್ತು ಪುಟ್ಟಿ’ ಎಂದೆ. ಮೂರು ಕಡೆ ಎತ್ತಿದಳು. ಎರಡು ಅಪ್ಪ ಹೇಳಿದ ಮಧ್ಯಮಗಳೇ. ಮೂರನೆಯದು ನನ್ನ ಕಿವಿಗೂ ಬಿದ್ದಿರಲಿಲ್ಲ. ‘ಅಲ್ಲಿ ನಾನು ಎಂಜಲು ನುಂಗಿದೆ ಅಂಕಲ್’ ಎಂದಳು. ಮತ್ತೆ ಹಾಡಿದಳು, ಒಂದು ಮಧ್ಯಮ ಸರಿಯಾಯಿತು, ಇನ್ನೊಂದು ಆಗಲಿಲ್ಲ. ಅದನ್ನೇ ದಾವಣಗೆರೆಗೆ ಕಳಿಸಿದ್ದಾಯಿತು.

ಇನ್ನೊಂದು ಮಾತು. ಯಾವುದು ದೋಷ ಎಂದು ತೀರ್ಮಾನಿಸುವುದೂ ಸುಲಭವಲ್ಲ. ಗಂಗೂಬಾಯಿ ಹಾನಗಲ್ (1913–2009) ಅವರ ದನಿ ಎಳೆಯದರಲ್ಲಿ ತೆಳುವಾಗಿತ್ತಂತೆ. ಗಂಟಲಿನ ಚಿಕಿತ್ಸೆಯ ನಂತರ ಅದು ಗಡಸಾಗಿ, ಗಂಡು ದನಿಯಂತಾಯಿತು. ಆ ದಿನ ಯಾರಾದರೂ ‘ಸರಿಮಾಡುವ’ ಪೆಟ್ಟಿಗೆ ತಂದುಕೊಟ್ಟಿದ್ದರೆ? ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರಿಗೆ ಕ್ಷಯ ತಗುಲಿ ವರ್ಷಗಟ್ಟಲೆ ಹಾಡುವಂತಿರಲಿಲ್ಲ. ದೇವಾಸದಲ್ಲಿ ಮಲಗಿದ್ದಾಗ ಕಿವಿಗೆ ಬೀಳುತ್ತಿದ್ದದ್ದು ಮಾಳವದ ಜನಪದ ಹಾಡು. ಎದ್ದು ಬಂದಾಗ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಾಗಿತ್ತು, ಉದ್ದನೆಯ ತಾನಗಳಿಗೆ ಉಸಿರಿರಲಿಲ್ಲ. ಚಿಕ್ಕ ಚಿಕ್ಕ ತುಣುಕುಗಳಲ್ಲಿ, ನಡುವೆ ಮೌನವಿಟ್ಟು ಹಾಡಿದರು. ಆ ಮೌನವನ್ನು ಕೇಳಲೆಂದೇ ಜನ ಬರುತ್ತಿದ್ದರು.

ಸ್ಪರ್ಧೆಗಳ ವಿಷಯದಲ್ಲಿ ನನಗೆ ಅನುಮಾನವಿಲ್ಲ. 2020ರ ಕೋವಿಡ್ ಕಾಲದಲ್ಲಿ ಎಷ್ಟೋ ಸ್ಪರ್ಧೆಗಳು ವೀಡಿಯೋ ಮೂಲಕ ನಡೆದವು. ಅಲ್ಲಿ ತಿದ್ದಿ ಕಳಿಸುವುದು ಪಕ್ಕದ ಮಗುವಿನ ತಟ್ಟೆಯಿಂದ ತೆಗೆದುಕೊಂಡಂತೆ, ಅಷ್ಟೆ. ಇನ್ನು ನಾಲ್ಕು ಸಾಲು ಟೈಪ್ ಮಾಡಿದರೆ ಇಡೀ ಹಾಡನ್ನೇ ಹೊಸೆದು ಕೊಡುವ ಈಗಿನ ಎಐ ಸಾಫ್ಟ್‌ವೇರ್‌ಗಳ ವಿಚಾರ ಇನ್ನೊಂದು ಲೇಖನಕ್ಕೇ ಆಗುವಷ್ಟಿದೆ, ಸಂಪಾದಕರು ಜಾಗ ಕೊಟ್ಟರೆ ನೋಡೋಣ.

ನನ್ನ ಲೆಕ್ಕಕ್ಕೆ ಸಿಗದ ಒಂದು ಸಂಗತಿ ಹೇಳಬೇಕು. ‘ಹಾಡುವವರಿಗೆ ಗೊತ್ತಿದ್ದು, ಅವರೇ ಕೇಳಿದರೆ ತಿದ್ದಬಹುದು’ ಎಂದು ನನಗೆ ನಾನೇ ಒಂದು ನಿಯಮ ಹಾಕಿಕೊಂಡಿದ್ದೆ. ಮಗಳ ಮನೆಗೆಂದು ಬಂದಿದ್ದ ಹಿರಿಯರೊಬ್ಬರು, ನಾವೆಲ್ಲ ಅವರನ್ನು ರಾಯರು ಎನ್ನುತ್ತೇವೆ, ಒಂದು ದಿನ ನಮ್ಮ ಬೇಸ್‌ಮೆಂಟಿಗೆ ಇಳಿದು ಬಂದರು. ಹೃದಯದ ಆಪರೇಷನ್ ಆಗಿತ್ತು, ಮೆಟ್ಟಿಲು ಇಳಿಯುವುದಕ್ಕೇ ಎರಡು ಸಲ ನಿಂತರು. ಹಾಸನದಲ್ಲಿ ಹಾಸಿಗೆ ಹಿಡಿದಿರುವ ಅಣ್ಣನಿಗೆ ಕಳಿಸಲು, ಆ ಅಣ್ಣನೇ ಬಾಲ್ಯದಲ್ಲಿ ಹೇಳಿಕೊಟ್ಟಿದ್ದ ದೇವರನಾಮ ಹಾಡಿದರು. ಎರಡು ಕಡೆ ದನಿ ಒಡೆಯಿತು. ‘ಅದೆರಡು ಸರಿಮಾಡಪ್ಪ. ನನ್ನ ಆಪರೇಷನ್ ವಿಷಯ ಅಣ್ಣನಿಗೆ ಹೇಳಿಲ್ಲ, ದನಿಯಲ್ಲಿ ಗೊತ್ತಾಗಬಾರದು’ ಎಂದರು. ಹಾಡಿದವರಿಗೆ ಎಲ್ಲ ಗೊತ್ತಿದೆ, ಅವರೇ ಕೇಳಿದ್ದಾರೆ, ನನ್ನ ನಿಯಮ ಮುರಿದಿಲ್ಲ. ಆದರೆ ಕೇಳುವವರಿಂದ ನಿಜ ಮುಚ್ಚಿಡುವುದೇ ಇಲ್ಲಿ ಉದ್ದೇಶ. ತಮ್ಮನ ದನಿಯಿಂದ ತಮ್ಮನ ಸ್ಥಿತಿ ತಿಳಿಯುವ ಹಕ್ಕು ಆ ಅಣ್ಣನಿಗೆ ಇಲ್ಲವೇ? ಅಥವಾ ಸಾಯುವ ಕಾಲಕ್ಕೆ ನೆಮ್ಮದಿ ದೊಡ್ಡದೇ?

ಎರಡು ಕಡೆಯೂ ಸರಿಮಾಡಿದೆ. ಎಷ್ಟು ಬೇಕೋ ಅಷ್ಟೇ, ಗಮಕ ಮುಟ್ಟದೆ, ಒಡೆದ ಜಾಗವನ್ನಷ್ಟೇ. ಒಂದೂವರೆ ಗಂಟೆ ಹಿಡಿಯಿತು. ರಾಯರು ಕೇಳಿ ತಲೆಯಾಡಿಸಿ, ತಿದ್ದದ ಪ್ರತಿಯನ್ನೂ ಒಂದು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಜೇಬಿನಲ್ಲಿಟ್ಟುಕೊಂಡರು. ಹಾಡು ಹಾಸನಕ್ಕೆ ಹೋಯಿತು, ಅಣ್ಣ ಕೇಳಿದರಂತೆ. ಕೇಳಿ ಏನೆಂದರೋ ರಾಯರು ಹೇಳಲಿಲ್ಲ, ನಾನೂ ಕೇಳಲಿಲ್ಲ.