ಎರಡೂ ಪಟ್ಟಿಯಲ್ಲಿ ಒಂದೇ ಹೆಸರು

2015ರ ಮಾರ್ಚ್‌ನಲ್ಲಿ ಮುಂಬೈಯ ವಾಂಖೆಡೆ ಮೈದಾನದಲ್ಲಿ ನಡೆದ ರಣಜಿ ಫೈನಲ್‌ನ ಸ್ಕೋರ್ ಪಟ್ಟಿಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳೋಣ. ತಮಿಳುನಾಡು ಮೊದಲ ಇನಿಂಗ್ಸ್‌ನಲ್ಲಿ 134ಕ್ಕೆ ಆಲೌಟ್. 34 ರನ್ ಕೊಟ್ಟು 5 ವಿಕೆಟ್ ಕಿತ್ತವರು ಕರ್ನಾಟಕದ ನಾಯಕ ಆರ್. ವಿನಯ್ ಕುಮಾರ್. ಬ್ಯಾಟಿಂಗ್ ಪಟ್ಟಿಯ ಕಡೆ ಕಣ್ಣು ಹಾಯಿಸಿದರೆ ಕರ್ನಾಟಕದ ಮೊತ್ತ 762. ಕರುಣ್ ನಾಯರ್ 328, ಕೆ.ಎಲ್. ರಾಹುಲ್ 188, ಅವರ ಕೆಳಗೆ ಅಜೇಯ 105. ಆ ಅಜೇಯ ಹೆಸರೂ ವಿನಯ್ ಕುಮಾರ್ ಅವರದೇ. ದಾವಣಗೆರೆಯಲ್ಲಿ ಹುಟ್ಟಿ ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದೇ ಹೆಸರಾದ ವೇಗಿ, ಒಂದೇ ಪಂದ್ಯದ ಎರಡೂ ಪಟ್ಟಿಯಲ್ಲಿ ತಲೆಯೆತ್ತಿ ನಿಂತ ದಿನವದು.

ನಮ್ಮೂರಿನವರ ಹೆಮ್ಮೆ ಸಹಜವೇ. ಆದರೆ ಹೆಮ್ಮೆಯ ಬೆನ್ನಿಗೇ ತೂಕದ ಮಾತೂ ಬಂದುಬಿಡುತ್ತದೆ. 1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ಪಡೆದು, ರಣಜಿಯಲ್ಲಿ ಇನಿಂಗ್ಸ್ ಆರಂಭಿಸಿ ದ್ವಿಶತಕ ಹೊಡೆದ ರೋಜರ್ ಬಿನ್ನಿ ದೊಡ್ಡವರೋ? 1995-96ರ ಒಂದೇ ರಣಜಿ ಋತುವಿನಲ್ಲಿ ಐನೂರು ರನ್ ಮತ್ತು ಐವತ್ತು ವಿಕೆಟ್‌ಗಳ ಗಡಿ ದಾಟಿದ ಗದಗಿನ ಸುನಿಲ್ ಜೋಶಿ ದೊಡ್ಡವರೋ? ವಿನಯ್ ಅವರನ್ನು ಎಲ್ಲಿ ನಿಲ್ಲಿಸಬೇಕು? ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಪಿಚ್‌ಗಳಲ್ಲಿ, ಬೇರೆ ಬೇರೆ ಎದುರಾಳಿಗಳ ಮುಂದೆ ಆಡಿದವರನ್ನು ಒಂದೇ ತಕ್ಕಡಿಯಲ್ಲಿ ತೂಗಲು ಹೊರಡುವ ನಾವು, ಆ ತಕ್ಕಡಿಯನ್ನು ಹಿಡಿದವರು ಯಾರೆಂದು ಎಂದಾದರೂ ಕೇಳಿಕೊಂಡಿದ್ದೇವೆಯೆ?

ಈ ವ್ಯಾಜ್ಯ ನಮ್ಮದಷ್ಟೇ ಅಲ್ಲ. ಅಮೆರಿಕದ ಬೇಸ್‌ಬಾಲ್ ಲೋಕ ಇದೇ ಪ್ರಶ್ನೆಯನ್ನು ಇನ್ನೂ ಜೋರಾಗಿ ಕೇಳುತ್ತಿದೆ. ಅಲ್ಲಿ ಚೆಂಡೆಸೆಯುವ ಪಿಚರ್ ಬೇರೆ, ಚೆಂಡು ಬಾರಿಸುವ ಬ್ಯಾಟರ್ ಬೇರೆ. ಎರಡನ್ನೂ ಮೇಲ್ಮಟ್ಟದಲ್ಲಿ ಮಾಡಿದವರು ಬೆರಳೆಣಿಕೆಯವರು. ಬೇಬ್ ರೂತ್ 1914ರಿಂದ 1919ರವರೆಗೆ ಬಾಸ್ಟನ್ ರೆಡ್ ಸಾಕ್ಸ್ ತಂಡದಲ್ಲಿದ್ದಾಗ ದೇಶದ ಅತ್ಯುತ್ತಮ ಪಿಚರ್‌ಗಳಲ್ಲಿ ಒಬ್ಬ. 1918ರಲ್ಲಿ ಆತ ಪಿಚರ್ ಆಗಿ 13 ಪಂದ್ಯ ಗೆದ್ದುಕೊಟ್ಟ, ಬ್ಯಾಟರ್ ಆಗಿ ಕ್ರಿಕೆಟ್‌ನ ಸಿಕ್ಸರ್‌ನಂಥ 11 ಹೋಮ್ ರನ್ ಹೊಡೆದ. ಒಂದು ಶತಮಾನ ಕಳೆದ ಮೇಲೆ ಜಪಾನಿನ ಶೋಹೆ ಓಟಾನಿ ಬಂದ. 2022ರಲ್ಲಿ ಆತನ ಖಾತೆಯಲ್ಲಿ 15 ಗೆಲುವು, 34 ಹೋಮ್ ರನ್. 2025ರ ಅಕ್ಟೋಬರ್‌ನ ಒಂದು ನಿರ್ಣಾಯಕ ಪಂದ್ಯದಲ್ಲಿ ಹತ್ತು ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿ, ಮೂರು ಹೋಮ್ ರನ್‌ಗಳನ್ನೂ ಬಾರಿಸಿದ. ಇಬ್ಬರಲ್ಲಿ ಯಾರು ಮಿಗಿಲು?

ಅಂಕಿಗಳನ್ನು ನಂಬಿ ಉತ್ತರ ಹೇಳಬಹುದು. ಆದರೆ ಅಂಕಿಯ ಹಿಂದೆ ನಿಂತ ಕಾಲ ಸುಮ್ಮನೆ ಕೂರುವುದಿಲ್ಲ. ರೂತ್ ಪಿಚಿಂಗ್ ಬಿಟ್ಟದ್ದು ಕೈಸೋತು ಅಲ್ಲ. ಆಗ ಪಿಚರ್ ನಾಲ್ಕು ದಿನಕ್ಕೊಮ್ಮೆ ಕಣಕ್ಕಿಳಿಯುತ್ತಿದ್ದ, ಬ್ಯಾಟರ್ ದಿನವೂ ಆಡುತ್ತಿದ್ದ. ದಿನವೂ ಹೋಮ್ ರನ್ ನೋಡಲು ಜನ ಸೇರುವಾಗ ಈತನನ್ನು ನಾಲ್ಕು ದಿನಕ್ಕೊಮ್ಮೆ ಎಸೆತಕ್ಕೆ ಕಟ್ಟಿಹಾಕುವುದೇಕೆ ಎಂಬುದು ಲೆಕ್ಕಾಚಾರದವರ ಮಾತು. 1920ರಲ್ಲಿ ನ್ಯೂಯಾರ್ಕ್ ಯಾಂಕೀಸ್‌ಗೆ ಹೋದ ಮೇಲೆ ಆತ ಹೆಚ್ಚುಕಡಿಮೆ ಬರೀ ಬ್ಯಾಟರ್ ಆದ. 714 ಹೋಮ್ ರನ್‌ಗಳ ದಂತಕಥೆಯಾದ. ಆ ಕಾಲ ರೂತ್‌ನ ಒಂದು ಕೈಯನ್ನು ಬಂಗಾರ ಮಾಡಿತು, ಇನ್ನೊಂದು ಕೈಯನ್ನು ಮಡಿಸಿಟ್ಟಿತು.

ಓಟಾನಿಯ ಕಾಲದ ನಡೆ ಇದಕ್ಕೆ ವಿರುದ್ಧ. ಪಿಚರ್ ಬ್ಯಾಟ್ ಹಿಡಿಯಬೇಕಾಗಿಯೇ ಇಲ್ಲ, ಆತನ ಬದಲಿಗೆ ಬೇರೊಬ್ಬ ಹಿಡಿಯಬಹುದು ಎಂಬ ನಿಯಮ 1973ರಲ್ಲಿ ಎರಡು ಪ್ರಮುಖ ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ಗೆ ಬಂತು, 2022ರಲ್ಲಿ ಎರಡೂ ಲೀಗ್‌ಗಳಿಗೆ ಹರಡಿತು. ಕೆಲಸ ಹಂಚಿಕೆ ಇಷ್ಟು ಗಟ್ಟಿಯಾದ ಹೊತ್ತಿನಲ್ಲೇ ಎರಡನ್ನೂ ಮಾಡುತ್ತೇನೆ ಎಂದವನು ಬಂದ. ಆಟವೇ ಆತನಿಗಾಗಿ ತುಸು ಸರಿದು ಕುಳಿತಿತು: ಪಿಚಿಂಗ್ ಮುಗಿಸಿ ಹೊರಬಂದ ಆಟಗಾರ ಬ್ಯಾಟಿಂಗ್‌ನಲ್ಲಿ ಮುಂದುವರಿಯಬಹುದು ಎಂದು 2022ರಲ್ಲೇ ಇನ್ನೊಂದು ನಿಯಮ ಬರೆಯಲಾಯಿತು. ಬೆಲೆಯನ್ನೂ ಆತ ತೆತ್ತಿದ್ದಾನೆ. ಮೊಣಕೈಗೆ ಎರಡು ಬಾರಿ ಶಸ್ತ್ರಚಿಕಿತ್ಸೆಯಾಗಿದೆ. 2024ರ ಇಡೀ ಋತುವಿನಲ್ಲಿ ಚೆಂಡೆಸೆಯದೆ ಬರೀ ಬ್ಯಾಟ್ ಹಿಡಿದಿದ್ದಾನೆ.

ಹಾಗಾದರೆ ನಾವು ಹೋಲಿಸುತ್ತಿರುವುದು ಯಾರನ್ನು? ರೂತ್ ಮತ್ತು ಓಟಾನಿಯನ್ನೋ, ಒಬ್ಬನಿಗೆ ‘ಒಂದು ಸಾಕು’ ಎಂದ ಕಾಲವನ್ನೂ ಇನ್ನೊಬ್ಬನಿಗೆ ‘ಎರಡೂ ಮಾಡು’ ಎಂದು ಬಾಗಿಲು ತೆರೆದ ಕಾಲವನ್ನೋ?

ಬಾಗಿಲೇ ತೆರೆಯದವರ ಕಥೆ ಇನ್ನೂ ಇದೆ. ರೂತ್ ಆಡುತ್ತಿದ್ದ ದಿನಗಳಲ್ಲೇ ಬುಲೆಟ್ ರೋಗನ್ ಎಂಬಾತ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡಕ್ಕೆ ಎಸೆಯುತ್ತಲೂ ಇದ್ದ, ಬಾರಿಸುತ್ತಲೂ ಇದ್ದ. ಕ್ಯೂಬಾದ ಮಾರ್ಟಿನ್ ದಿಹಿಗೊ ಮೈದಾನದ ಯಾವ ಮೂಲೆಯಲ್ಲಿ ನಿಲ್ಲಿಸಿದರೂ ಸೈ ಎನಿಸಿಕೊಂಡವನು. ಇಬ್ಬರೂ ಕಪ್ಪು ವರ್ಣದವರು. ಪ್ರಮುಖ ಲೀಗ್‌ಗಳ ಬಾಗಿಲು ಕಪ್ಪು ವರ್ಣದ ಜಾಕಿ ರಾಬಿನ್ಸನ್‌ಗೆ ತೆರೆದದ್ದು 1947ರಲ್ಲಿ. ಅಷ್ಟರಲ್ಲಿ ಇವರ ಆಟದ ವಯಸ್ಸು ಮುಗಿದಿತ್ತು. ಇಂಥ ಕಪ್ಪು ಆಟಗಾರರು ಆಡುತ್ತಿದ್ದ ನೀಗ್ರೊ ಲೀಗ್‌ಗಳ ಅಂಕಿಅಂಶಗಳನ್ನು ಅಧಿಕೃತ ದಾಖಲೆಗೆ ಸೇರಿಸಿಕೊಂಡದ್ದು 2024ರಲ್ಲಿ. ಹೆಸರೇ ಬರೆಯದ ಪಟ್ಟಿಯನ್ನು ಮುಂದಿಟ್ಟುಕೊಂಡು ‘ಸರ್ವಶ್ರೇಷ್ಠ’ ಎಂದು ಹೇಳಿದರೆ ಅದಕ್ಕೆ ಏನರ್ಥ?

ನಮ್ಮ ಮನೆಯ ಲೆಕ್ಕವೇನೂ ಇದಕ್ಕಿಂತ ಚೊಕ್ಕವಾಗಿಲ್ಲ. ಕರ್ನಾಟಕದ ಮಹಾ ಆಲ್‌ರೌಂಡರ್‌ಗಳನ್ನು ಎಣಿಸುವಾಗ ಶಾಂತಾ ರಂಗಸ್ವಾಮಿಯವರ ಹೆಸರು ನಮ್ಮ ಬಾಯಿಗೆ ತಾನಾಗಿ ಬರುತ್ತದೆಯೆ? ಭಾರತದ ಮಹಿಳೆಯರ ಮೊದಲ ಟೆಸ್ಟ್ ನಾಯಕಿ ಅವರು. ಮಧ್ಯಮ ವೇಗದ ಬೌಲಿಂಗ್ ಮಾಡುತ್ತಲೇ, ನ್ಯೂಜಿಲೆಂಡ್ ವಿರುದ್ಧ 108 ರನ್ ಗಳಿಸಿ ಟೆಸ್ಟ್ ಶತಕ ಬಾರಿಸಿದ ಮೊದಲ ಭಾರತೀಯ ಮಹಿಳೆಯೂ ಅವರೇ. ಆ ಶತಕಕ್ಕೆ ನಮ್ಮಲ್ಲಿ ಎಷ್ಟು ಜನ ಅಂದು ಚಪ್ಪಾಳೆ ತಟ್ಟಿದೆವು? ನೋಡದ ಆಟವನ್ನು ತೂಗಲಾಗದು ಎನ್ನುವುದು ಸರಿ. ಆದರೆ ನೋಡದೆ ಹೋದದ್ದು ನಮ್ಮ ಕೊರತೆಯೇ ಹೊರತು ಆಡಿದವರದಲ್ಲ.

ಅದಕ್ಕೇ ಕಾಲಾಂತರದ ಹೋಲಿಕೆಗೆ ಕೂತಾಗ ಮೊದಲು ಕೇಳಬೇಕಾದ ಪ್ರಶ್ನೆಯೇ ಬೇರೆ ಎನಿಸುತ್ತದೆ. ಯಾರು ಎಷ್ಟು ಗಳಿಸಿದರು ಎಂಬುದನ್ನು ಆಮೇಲೆ ನೋಡೋಣ. ಅವರ ಕಾಲ ಅವರೊಳಗಿನ ಎಷ್ಟನ್ನು ಹೊರಗೆ ಬರಗೊಟ್ಟಿತು, ಎಷ್ಟನ್ನು ಒಳಗೇ ಉಳಿಸಿತು? ಈ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡರೆ ಹೋಲಿಕೆ ಜಗಳವಾಗುವುದಿಲ್ಲ, ವಿವೇಕವಾಗುತ್ತದೆ.

ವಿನಯ್ ಅವರ ಆ ಶತಕವನ್ನೇ ಈ ಬೆಳಕಿನಲ್ಲಿ ನೋಡೋಣ. ಪ್ರಾಮಾಣಿಕವಾಗಿ ಹೇಳುವುದಾದರೆ, ಪಂದ್ಯವನ್ನು ಗೆದ್ದುಕೊಟ್ಟದ್ದು ಆ ಶತಕವಲ್ಲ. 84ಕ್ಕೆ 5 ವಿಕೆಟ್ ಬಿದ್ದು ಕರ್ನಾಟಕ ಕಂಗಾಲಾಗಿದ್ದಾಗ ರಾಹುಲ್ ಮತ್ತು ಕರುಣ್ 386 ರನ್ ಸೇರಿಸಿ ತಂಡವನ್ನು ದಡ ಹತ್ತಿಸಿದ್ದರು. ನಾಯಕ ಕ್ರೀಸಿಗೆ ಬಂದದ್ದು ಆಮೇಲೆ. ಐದು ವಿಕೆಟ್ ಆಗಲೇ ಜೇಬಿನಲ್ಲಿತ್ತು. ನಾಲ್ಕು ಹೊಡೆತ ಹೊಡೆದು ಔಟಾಗಿ ಬಂದಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಹಾಗಿದ್ದೂ ನೂರರಾಚೆಗೂ ನಿಂತರಲ್ಲ, ಅದರ ಅರ್ಥವೇನು? ಬೌಲರ್‌ನ ಬ್ಯಾಟಿಂಗ್ ಎಂದರೆ ಬೋನಸ್ಸು ಎಂದು ಜಗತ್ತು ತಿಳಿದಿರುವಾಗ, ಅದನ್ನೂ ತನ್ನ ಹೊಣೆ ಎಂದುಕೊಳ್ಳುವ ಮನಸ್ಸು ಅದು.

ಈ ಮನಸ್ಸು ಎಷ್ಟು ದುಬಾರಿಯದು ಎಂಬುದು ನೆಟ್ಸ್ ಅಭ್ಯಾಸ ನೋಡಿದವರಿಗೆ ಗೊತ್ತು. ಬ್ಯಾಟ್ಸ್‌ಮನ್‌ಗಳು ಪ್ಯಾಡ್ ಕಟ್ಟಿಕೊಂಡು ಸರದಿಯಲ್ಲಿ ಬರುತ್ತಾರೆ, ಬೌಲರ್‌ಗಳು ಸಂಜೆಯಿಡೀ ಅವರಿಗೆ ಎಸೆಯುತ್ತಾರೆ. ಬೆವರು ಇಳಿದು ಅಂಗಿ ಬೆನ್ನಿಗೆ ಅಂಟಿ, ಬೆಳಕು ಮಂಕಾಗಿ, ಸ್ಟಂಪ್ ಕೀಳುವ ಹೊತ್ತಿಗೆ ಅವರಿಗೆ ‘ನೀನೂ ಒಂದೆರಡು ಬಾಲ್ ಆಡ್ಕೊಳ್ಳೋ’ ಎಂಬ ಅನುಗ್ರಹ. ಆ ಮಬ್ಬಿನಲ್ಲಿ, ಸುಸ್ತಾದ ಕಾಲಲ್ಲಿ, ಬೇರೆಯವರ ಬ್ಯಾಟ್ ಎರವಲು ಪಡೆದು ಕಲಿತ ವಿದ್ಯೆಯದು. ಅನಿಲ್ ಕುಂಬ್ಳೆ ತಮ್ಮ ಏಕೈಕ ಟೆಸ್ಟ್ ಶತಕ ಹೊಡೆದದ್ದು 2007ರಲ್ಲಿ, ಓವಲ್‌ನಲ್ಲಿ, 118ನೇ ಟೆಸ್ಟ್‌ನಲ್ಲಿ. ಅಷ್ಟು ವರ್ಷ ಆ ಕೈಯನ್ನು ಸೋಮಾರಿಯಾಗಲು ಬಿಡದೆ ಕಾಯ್ದುಕೊಂಡದ್ದು ಶತಕಕ್ಕಿಂತ ದೊಡ್ಡದಲ್ಲವೆ?

ಗಲ್ಲಿ ಕ್ರಿಕೆಟ್‌ನಲ್ಲಿ ಈ ಹಂಚಿಕೆ ಇರುವುದಿಲ್ಲ ಎಂಬುದನ್ನು ಗಮನಿಸಬೇಕು. ಟೆನಿಸ್ ಬಾಲ್ ಹುಚ್ಚಿನ ದಾವಣಗೆರೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಇಟ್ಟಿಗೆ ಜೋಡಿಸಿ ವಿಕೆಟ್ ಮಾಡಿದ ಆಟದಲ್ಲಿ ಎಲ್ಲರೂ ಎಸೆಯಬೇಕು, ಎಲ್ಲರೂ ಹೊಡೆಯಬೇಕು, ಚರಂಡಿಗೆ ಬಿದ್ದ ಚೆಂಡನ್ನು ಯಾರಾದರೊಬ್ಬರು ಎತ್ತಬೇಕು. ಹುಡುಗರ ಸಂಖ್ಯೆ ಬೆಸವಾದರೆ ಒಬ್ಬನನ್ನು ‘ಕಾಮನ್’ ಮಾಡಿ ಎರಡೂ ತಂಡಕ್ಕೆ ಆಡಿಸುತ್ತಾರೆ. ಇಲ್ಲದಿರುವಿಕೆಯೇ ಅಲ್ಲಿ ಗುರು. ಹಳೆಯ ನಾಟಕ ಕಂಪನಿಗಳೂ ಹಾಗೆಯೇ ಬಾಳಿದವು. ದಾವಣಗೆರೆಯ ಚಿಂದೋಡಿ ಲೀಲಾ ರಂಗದ ಮೇಲೆ ನಟಿ, ರಂಗದ ಹಿಂದೆ ಕಂಪನಿಯ ಯಜಮಾನಿ. ಸಮೃದ್ಧಿ ಬಂದಂತೆ ಕೆಲಸಗಳು ಬೇರೆಯಾಗುತ್ತವೆ. ಐಪಿಎಲ್‌ನಲ್ಲಿ 2023ರಿಂದ ‘ಇಂಪ್ಯಾಕ್ಟ್ ಪ್ಲೇಯರ್’ ನಿಯಮ ಬಂದ ಮೇಲೆ ಬೌಲಿಂಗ್‌ಗೆ ಒಬ್ಬ, ಬ್ಯಾಟಿಂಗ್‌ಗೆ ಇನ್ನೊಬ್ಬ ಎಂದು ಬದಲಿಸಿಕೊಳ್ಳಬಹುದು. ಎರಡನ್ನೂ ಸಾಕಷ್ಟು ಬಲ್ಲವನ ಅಗತ್ಯವೇ ಕಡಿಮೆಯಾಗಿದೆ.

ಪರಿಣತಿಯನ್ನು ಹಳಿಯುವುದು ಇಲ್ಲಿನ ಉದ್ದೇಶವಲ್ಲ. ದಾವಣಗೆರೆಯ ಹತ್ತಿ ಗಿರಣಿಗಳೂ ಹರಿಹರದ ಕಿರ್ಲೋಸ್ಕರ್ ಲೇತ್‌ಗಳೂ ಒಂದೊಂದು ಕೆಲಸದಲ್ಲಿ ಪಳಗಿದ ಕೈಗಳಿಂದಲೇ ನಾಡಿಗೆ ಹೆಸರು ತಂದವು. ಆದರೆ ಗಿರಣಿಗಳು ಮುಚ್ಚಿದಾಗ, ಕಾರ್ಖಾನೆಯ ಸೈರನ್ ನಿಂತಾಗ, ಒಂದೇ ಕೆಲಸವನ್ನು ಬಾಳೆಂದು ನಂಬಿದವರ ಪಾಡು ಏನಾಯಿತು ಎಂಬುದನ್ನೂ ಈ ಎರಡು ಊರುಗಳು ಕಂಡಿವೆ. ಕಾಲ ಒಂದು ಕೈಯನ್ನಷ್ಟೇ ಕೇಳುತ್ತದೆ. ಕೊನೆಗೊಂದು ದಿನ ಅದೂ ಬೇಡ ಎಂದುಬಿಡುತ್ತದೆ.

ಹರಿಹರದ ಹೆಸರಿಗೇ ಕಾರಣವಾದ ಹರಿಹರೇಶ್ವರನ ಸನ್ನಿಧಿಯಲ್ಲಿ ಈ ವಿಚಾರ ಇನ್ನೊಂದು ಮಗ್ಗುಲಿನಿಂದ ಕಾಣುತ್ತದೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಆ ಗುಡಿಯ ಮೂರ್ತಿ ಬಲಕ್ಕೆ ಶಿವ, ಎಡಕ್ಕೆ ವಿಷ್ಣು. ಹರಿಯೊಬ್ಬನಿಂದ ಸಾವಿಲ್ಲ, ಹರನೊಬ್ಬನಿಂದ ಸಾವಿಲ್ಲ ಎಂದು ಬೀಗುತ್ತಿದ್ದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ದೇಹವಾದರೆಂಬ ಪುರಾಣವನ್ನು ನಾವೆಲ್ಲ ಕೇಳಿದವರೇ. ಆ ಮೂರ್ತಿಯಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಇಬ್ಬರೂ ಕರಗಿ ಮೂರನೆಯವನಾಗಿಲ್ಲ. ಜಟೆ ಜಟೆಯಾಗಿಯೇ ಇದೆ, ಕಿರೀಟ ಕಿರೀಟವಾಗಿಯೇ ಇದೆ, ನಿಂತ ನೆಲವೊಂದೇ. ಆ ಕಾಲದಲ್ಲಿ ಶೈವ ವೈಷ್ಣವರಲ್ಲಿ ಯಾರು ಮಿಗಿಲು ಎಂಬ ವಾದ ಇರಲಿಲ್ಲವೆ? ಆ ವಾದಕ್ಕೆ ತೀರ್ಪು ಕೊಡುವ ಬದಲು ಇಬ್ಬರನ್ನೂ ಒಟ್ಟಿಗೆ ಕಲ್ಲಿನಲ್ಲಿ ನಿಲ್ಲಿಸಿದ ಬುದ್ಧಿ ನಮ್ಮ ನೆಲದ್ದು.

ಎರಡು ಕೆಲಸ ಬಲ್ಲವನ ನಿಜವಾದ ಸಂಪತ್ತೂ ಅಲ್ಲೇ ಇದೆ. ಚೆಂಡು ಎಸೆಯುವವನು ಬ್ಯಾಟ್ ಹಿಡಿದಾಗ ತನ್ನ ಎದುರಾಳಿಯ ಅಳುಕನ್ನು ಅನುಭವಿಸುತ್ತಾನೆ. ಮರಳಿ ಚೆಂಡು ಹಿಡಿದಾಗ ಆ ಅಳುಕು ಅವನಿಗೆ ಅರ್ಥವಾಗಿರುತ್ತದೆ. ಅಡುಗೆ ಮಾಡಿ ಗೊತ್ತಿದ್ದವನು ಬಡಿಸಿದ ತಟ್ಟೆಯ ಮುಂದೆ ಗೊಣಗುವುದಿಲ್ಲ. ಪಾಠ ಹೇಳುತ್ತಲೇ ಹೊಸದನ್ನು ಕಲಿಯುವ ಮೇಷ್ಟ್ರಿಗೆ ಮಕ್ಕಳ ತಡವರಿಕೆಯ ಮೇಲೆ ಸಿಟ್ಟು ಬರುವುದಿಲ್ಲ. ಎರಡನೆಯ ಕೆಲಸ ನಮ್ಮನ್ನು ಇನ್ನೊಬ್ಬರ ಜಾಗದಲ್ಲಿ ನಿಲ್ಲಿಸುತ್ತದೆ. ಸಂಬಳದ ಚೀಟಿಯಲ್ಲಿ ಇದಕ್ಕೆ ಕಾಲಂ ಇಲ್ಲ, ದಾಖಲೆಯ ಪುಸ್ತಕದಲ್ಲೂ ಇಲ್ಲ.

ಆದರೆ ನಾವು ನಮ್ಮ ಮಕ್ಕಳಿಗೆ ಹೇಳುತ್ತಿರುವುದೇನು? ಕಾಲೇಜುಗಳ ಊರೆಂದು ಹೆಸರಾದ ದಾವಣಗೆರೆಯಲ್ಲಿ ಎಸೆಸೆಲ್ಸಿ ಮುಗಿಯುತ್ತಲೇ ಹಾಡುವ ಹುಡುಗಿಯ ಹಾರ್ಮೋನಿಯಂ ಅಟ್ಟ ಸೇರುತ್ತದೆ, ಆಡುವ ಹುಡುಗನ ಬ್ಯಾಟು ಮಂಚದಡಿ ಸೇರುತ್ತದೆ. ‘ಯಾವುದಾದರೂ ಒಂದನ್ನು ಗಟ್ಟಿಯಾಗಿ ಹಿಡಿ’ ಎನ್ನುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ, ಸುಳ್ಳನ್ನೂ ಹೇಳುತ್ತಿಲ್ಲ. ಆದರೂ ಹಾಗೆ ಹೇಳುವಾಗ ಆ ಮಗುವಿನ ಒಂದು ಕೈಯನ್ನು ಮಡಿಸಿಡುತ್ತಿರುವ ಕಾಲ ಬೇರೆ ಯಾರೂ ಅಲ್ಲ, ನಾವೇ. ರೂತ್‌ಗೆ ಲೆಕ್ಕಾಚಾರದವರಿದ್ದರು, ರೋಗನ್‌ಗೆ ವರ್ಣದ ಗೋಡೆ ಇತ್ತು, ನಮ್ಮ ಮಕ್ಕಳಿಗೆ ನಮ್ಮ ಭಯವಿದೆ.

ಹಾಗಾಗಿ ಬಿನ್ನಿಯೋ ಜೋಶಿಯೋ, ರೂತೋ ಓಟಾನಿಯೋ ಎಂಬ ಹರಟೆ ನಡೆಯಲಿ; ಅದರ ಸೊಗಸೇ ಬೇರೆ. ಹರಟೆ ಮುಗಿಸಿ ಏಳುವ ಮುನ್ನ ಅದೇ ಅಳತೆಗೋಲನ್ನು ನಮ್ಮ ಮನೆಯವರಿಗೂ ಹಿಡಿಯೋಣ. ನಮ್ಮೊಂದಿಗೆ ಬಾಳಿದ ಒಬ್ಬೊಬ್ಬರಲ್ಲೂ ಎಷ್ಟು ಬಳಕೆಯಾಯಿತು, ಎಷ್ಟು ಬಳಕೆಯಾಗದೆ ಉಳಿಯಿತು? ಮುಂದಿನ ಕಾಲದವರು ನಮ್ಮನ್ನು ತೂಗುವಾಗ ನಾವು ಗಳಿಸಿದ್ದನ್ನು ಮಾತ್ರ ನೋಡಲಿಕ್ಕಿಲ್ಲ. ನಮ್ಮ ಸುತ್ತಲಿನವರ ಎರಡನೆಯ ಕೈಗೆ ನಾವು ಕೆಲಸ ಕೊಟ್ಟೆವೋ, ಅದನ್ನು ಕಟ್ಟಿಹಾಕಿದೆವೋ ಎಂದೂ ಕೇಳಿಯಾರು. ಆ ಪ್ರಶ್ನೆಗೆ ಉತ್ತರ ಸಿದ್ಧಪಡಿಸಿಕೊಳ್ಳಲು ನಮಗಿನ್ನೂ ಸಮಯವಿದೆ.