ಸುರೆಯ ಶೇಷ ಮತ್ತು ನೀರಿನ ಶುದ್ಧಿ

ಒಂದು ದ್ರವ್ಯದ ಅಶುದ್ಧಿಯು ಅದು ಹುಟ್ಟಿಬಂದ ಮೂಲದಲ್ಲಿದೆಯೋ, ಅದರ ಸದ್ಯದ ಗುಣದಲ್ಲಿದೆಯೋ ಎಂಬ ಧರ್ಮಶಾಸ್ತ್ರದ ಹಳೆಯ ಜಿಜ್ಞಾಸೆಯು ಕೊಳಚೆ ನೀರಿನ ಸಂಸ್ಕರಣಾ ಘಟಕಗಳಲ್ಲಿ ಹೊಸ ರೂಪ ತಳೆದಿದೆ. ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್ ನಗರವು 2016ರ ಸುಮಾರಿಗೆ, ಅಲ್ಲಿನ ಏವರಿ ಬಿಯರ್ ಕಾರ್ಖಾನೆಯಲ್ಲಿ ಉಳಿಯುವ, ಸಕ್ಕರೆಯಂಶವಿರುವ ಸಿಹಿನೀರನ್ನು ಕೊಳಚೆಯ ಶುದ್ಧೀಕರಣಕ್ಕೆ ಬಳಸಲು ಮುಂದಾಯಿತು. ಆಮ್ಲಜನಕವಿಲ್ಲದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಈ ಸಕ್ಕರೆಯನ್ನು ಉಂಡು, ಉಸಿರಾಟಕ್ಕೆ ನೈಟ್ರೇಟನ್ನು ಬಳಸಿಕೊಳ್ಳುವುದರಿಂದ ಅದು ನೈಟ್ರೋಜನ್ ಅನಿಲವಾಗಿ ಗಾಳಿಗೆ ಸೇರುತ್ತದೆ. ಅದೇ ಸಿಹಿನೀರನ್ನು ನೇರವಾಗಿ ಹೊಳೆಗೆ ಬಿಟ್ಟರೆ ನೀರಿನ ಆಮ್ಲಜನಕ ಬತ್ತಿ ಮೀನುಗಳು ಸಾಯುತ್ತವೆ.

ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ಸುರೆಯನ್ನು ಅನ್ನದ ಮಲವೆಂದು ಕರೆದು, ಪಾಪಕ್ಕೂ ಮಲವೆಂಬ ಹೆಸರಿರುವುದರಿಂದ ದ್ವಿಜರು ಅದನ್ನು ಕುಡಿಯಕೂಡದೆಂದು ವಿಧಿಸುತ್ತದೆ. ಹಾಗಾದರೆ ಸುರೆಯ ಶೇಷವು ಮಲದ ಮಲವಾಗಬೇಕಷ್ಟೆ. ಆದರೆ ಬೌಲ್ಡರಿನ ಸಿಹಿನೀರು ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಬಿಸಿನೀರಿನಲ್ಲಿ ತೊಳೆದಾಗ ಕೊನೆಗೆ ಇಳಿಯುವ ತೆಳುರಸ. ಅದಕ್ಕೆ ಯೀಸ್ಟ್ ಸೇರಿಲ್ಲ, ಅದರಲ್ಲಿ ಮದ್ಯವೂ ಇಲ್ಲ. ದ್ರವ್ಯದ ದೃಷ್ಟಿಯಿಂದ ಅದು ಗಂಜಿಯ ತಿಳಿಗೆ ಹತ್ತಿರವಾದದ್ದು; ಅದಕ್ಕೆ ದೋಷ ಅಂಟುವುದಾದರೆ ತಯಾರಕನ ಸಂಕಲ್ಪದಿಂದ ಮಾತ್ರ ಅಂಟಬೇಕು.

ಇಸ್ಲಾಮಿನ ನ್ಯಾಯಮೀಮಾಂಸೆ ಇಲ್ಲಿ ಇನ್ನಷ್ಟು ಸೂಕ್ಷ್ಮವಾಗಿದೆ. ವಸ್ತುವಿನ ಸ್ವರೂಪವೇ ಬದಲಾಗುವುದನ್ನು ಅದು ಇಸ್ತಿಹಾಲ ಎನ್ನುತ್ತದೆ: ತಾನಾಗಿ ವಿನೆಗರ್ ಆದ ಮದ್ಯ ಶುದ್ಧವೆಂಬುದರಲ್ಲಿ ವಿವಾದವಿಲ್ಲ, ಬೇರೇನನ್ನೋ ಬೆರೆಸಿ ಹಾಗೆ ಮಾಡಿದ್ದನ್ನು ಹನಫಿ ಪಂಥದವರು ಒಪ್ಪುತ್ತಾರೆ, ಶಾಫಿ ಪಂಥದವರು ಒಪ್ಪುವುದಿಲ್ಲ. ಸೌದಿ ಅರೇಬಿಯಾದ ಹಿರಿಯ ವಿದ್ವಾಂಸರ ಮಂಡಳಿಯು 1978ರಲ್ಲಿ, ಬಣ್ಣ, ರುಚಿ, ವಾಸನೆಗಳಲ್ಲಿ ಕಲ್ಮಷದ ಕುರುಹು ಉಳಿಯದಂತೆ ಸಂಸ್ಕರಿಸಿದ ಕೊಳಚೆ ನೀರು ಶುದ್ಧವೆಂದೂ ಪ್ರಾರ್ಥನೆಗೆ ಮುಂಚಿನ ಅಂಗಶುದ್ಧಿಗೆ ಸಲ್ಲುತ್ತದೆಂದೂ ನಿರ್ಣಯಿಸಿತು. ನೀರಿನ ಪೂರ್ವಚರಿತ್ರೆಯನ್ನು ಕೈಬಿಟ್ಟು ಗುಣವನ್ನಷ್ಟೇ ನೋಡುವ ಈ ನಿಲುವು ಹೆಚ್ಚು ಸುಸಂಗತವಾದುದು, ಏಕೆಂದರೆ ತೊಟ್ಟಿಯಿಂದ ಹೊರಬರುವ ನೀರಿನಲ್ಲಿ ಸುರೆಯ ನೆನಪು ಉಳಿಯಲು ಅಲ್ಲಿ ಸಕ್ಕರೆಯೇ ಉಳಿದಿರುವುದಿಲ್ಲ.

ವಸ್ತುಗಳ ಮಟ್ಟಿಗೆ ಮನುವೂ ಇಷ್ಟೇ ಉದಾರಿ. ಐದನೆಯ ಅಧ್ಯಾಯದ ದ್ರವ್ಯಶುದ್ಧಿ ಪ್ರಕರಣದಲ್ಲಿ ಲೋಹಕ್ಕೆ ಬೂದಿ, ಬಟ್ಟೆಗೆ ನೀರು, ನೆಲಕ್ಕೆ ಗುಡಿಸುವಿಕೆ, ಸಾರಿಸುವಿಕೆ, ಹಸುಗಳ ವಾಸ ಎಂದು ಒಂದೊಂದಕ್ಕೂ ಶುದ್ಧಿಯ ದಾರಿ ಇದೆ. ಚಂಡಾಲನೆಂದು ಹುಟ್ಟಿನಿಂದ ಗುರುತಿಸಲಾದವನಿಗೆ ಮಾತ್ರ ಅಂತಹ ಬೂದಿಯನ್ನಾಗಲಿ ನೀರನ್ನಾಗಲಿ ಆ ಅಧ್ಯಾಯ ಹೇಳುವುದಿಲ್ಲ, ಅವನನ್ನು ಮುಟ್ಟಿದವನಿಗೆ ಸ್ನಾನವನ್ನು ಹೇಳುತ್ತದೆ.