ಬಿರಿದ ನೆಲದ ಕೌದಿ

ಮಗಳು ಹೆರಿಗೆಗೆ ತವರಿಗೆ ಬಂದಾಗ, ಹುಟ್ಟಲಿರುವ ಕೂಸಿಗೆ ಕೌದಿ ನಾನೇ ಹೊಲಿಯುತ್ತೇನೆಂದು ಹಟ ಹಿಡಿದೆ. ಕೂಸು ಕೈಗೆ ಬರುವ ಮೊದಲು ಹೊಸದೇನೂ ತರಬಾರದು ಅನ್ನುತ್ತಾರೆ ನಮ್ಮಲ್ಲಿ. ಹಳೆ ಬಟ್ಟೆಗೆ ಆ ಕಟ್ಟಳೆ ಇಲ್ಲ. ಟ್ರಂಕಿನಲ್ಲಿ ಅವ್ವನ ಒಂದು ಚಂದ್ರಕಾಳಿ ಸೀರೆ, ಎರಡು ಇಳಕಲ್ಲು, ಅಪ್ಪನ ಧೋತರ, ಮಗಳ ಶಾಲೆಯ ಲಂಗ ಇದ್ದವು. ಬಟ್ಟೆಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ವಿನ್ಯಾಸಕ್ಕೆ. ಎಲ್ಲರ ಮನೆಯಲ್ಲೂ ಇರುವ ಚೌಕ, ಪಟ್ಟಿ, ನಡುವೆ ಒಂದು ತ್ರಿಕೋನದ ಹೂವು ಬೇಡ; ಯಾರೂ ಮಾಡಿರದ್ದನ್ನು ಮಾಡಬೇಕು ಎಂಬ ಹುಚ್ಚು.

ಅದು 2024ರ ಬೇಸಿಗೆ. ಹಿಂದಿನ ವರ್ಷ ಸರ್ಕಾರ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತ್ತು. ಹಗರಿಬೊಮ್ಮನಹಳ್ಳಿ ಕಡೆ ಒಂದು ಮದುವೆ ಮುಗಿಸಿಕೊಂಡು ಬರುವಾಗ ಬಸ್ಸು ಕೆಟ್ಟು ನಿಂತಿತು. ಪಕ್ಕದಲ್ಲೊಂದು ಕೆರೆ, ಹನಿ ನೀರಿಲ್ಲ. ತಳದ ಕೆಸರು ಒಣಗಿ ಬಿರಿದು, ಅಂಗೈಯಗಲದಿಂದ ತಟ್ಟೆಯಗಲದವರೆಗೆ ತುಂಡು ತುಂಡಾಗಿ, ಕಣ್ಣು ಹೋದಷ್ಟು ದೂರ ಹಾಸಿತ್ತು. ಬಗ್ಗಿ ನೋಡಿದರೆ ಹೆಚ್ಚಿನ ತುಂಡುಗಳಿಗೆ ಐದೋ ಆರೋ ಮೂಲೆ. ಮೊದಲ ಸಲ ಒಣಗುವ ಕೆಸರಿನಲ್ಲಿ ಬಿರುಕುಗಳು ಒಂದಕ್ಕೊಂದು ನೆಟ್ಟಗೆ ಕೂಡುತ್ತವಂತೆ; ನೆನೆದು ಒಣಗಿ, ಮತ್ತೆ ನೆನೆದು ಒಣಗಿದಂತೆ ಮೂರು ಬಿರುಕು ಸಮನಾಗಿ ಕೂಡುವ ಸಂದುಗಳಾಗಿ, ತುಂಡುಗಳು ಜೇನುಹಲ್ಲೆಯ ಕಡೆಗೆ ತಿರುಗುತ್ತವೆ. ನನ್ನ ಕೌದಿ ಕಾಲ ಬುಡದಲ್ಲೇ ಬಿದ್ದಿತ್ತು. ಫೋನು ತೆಗೆದು ಚಿತ್ರ ಹಿಡಿದೆ. ಬಲಗಡೆ ಮೂಲೆಗೆ ಯಾರೋ ಕುರಿಗಾಹಿ ಅಡ್ಡ ಬಂದಿದ್ದ. ಬಸ್ಸಿನಲ್ಲಿ ಕೂತು ಅವನನ್ನು ಕತ್ತರಿಸಿ ತೆಗೆದೆ.

ಆರು ಮೂಲೆಯ ತುಂಡುಗಳನ್ನು ಸಂದಿಲ್ಲದಂತೆ ಕೂಡಿಸುವುದು ಕೌದಿ ಹೊಲಿಯುವವರ ರೂಢಿಯ ಕೆಲಸ ಅಲ್ಲ. ಅದಕ್ಕೆ ಕಾಗದ ಬೇಕು. ಈ ಕಸಬು ಇಂಗ್ಲೆಂಡಿನಲ್ಲಿ ಬೆಳೆದದ್ದು; ಅಲ್ಲಿ 1718ರ ಇಸವಿ ಹೊಲಿದಿರುವ ಒಂದು ರೇಷ್ಮೆ ಹೊದಿಕೆ ಇದೆ, ಅದರೊಳಗೆ ಅಚ್ಚಿನ ಕಾಗದಗಳು ಇನ್ನೂ ಹಾಗೇ ಇವೆ. ನನಗೆ ಸಿಕ್ಕ ಕಾಗದ ಲಗ್ನಪತ್ರಿಕೆ. ಅಕ್ಷಯ ತೃತೀಯ ಕಳೆದ ಮೇಲೆ ನಮ್ಮ ಕಡೆ ಯಾವ ಮನೆಯಲ್ಲೂ ಅದಕ್ಕೆ ಬರ ಇಲ್ಲ. ಒಂದೊಂದು ಬದಿ ಎರಡಿಂಚು ಬರುವಂತೆ ಆರು ಮೂಲೆಗೆ ಕತ್ತರಿಸುವುದು, ಕಾಲಿಂಚು ಹೆಚ್ಚು ಬಿಟ್ಟು ಬಟ್ಟೆ ಕತ್ತರಿಸುವುದು, ಅಂಚನ್ನು ಕಾಗದದ ಮೇಲೆ ಮಡಚಿ ಕಚ್ಚಾ ಹೊಲಿಗೆ ಹಾಕುವುದು. ಆಮೇಲೆ ಎರಡು ತುಂಡುಗಳ ಮುಖಕ್ಕೆ ಮುಖ ಇಟ್ಟು, ಅಂಚಿನ ಎರಡು ಮೂರು ಎಳೆಗೆ ಮಾತ್ರ ಸೂಜಿ ತಾಗುವಂತೆ ಹೊಲಿಯಬೇಕು. ಕಾಗದಕ್ಕೆ ತಾಗಿದರೆ ಸೂಜಿಯೇ ಹೇಳುತ್ತದೆ, ಕರ್ ಅನ್ನುತ್ತದೆ. ಒಂದು ತುಂಡಿಗೆ ಆರೂ ಕಡೆ ನೆರೆಯವರು ಬಂದ ಮೇಲೆ ಅದರ ಕಾಗದವನ್ನು ಎಳೆದು ತೆಗೆಯಬಹುದು; ಬಟ್ಟೆ ತನ್ನ ಆಕಾರ ಬಿಡುವುದಿಲ್ಲ. ಕೂಸಿನ ಅಳತೆಗೆ ನೂರಾ ಅರವತ್ತರ ಹತ್ತಿರ ತುಂಡು ಬೇಕಾದವು.

ಪತ್ರಿಕೆಯ ತಲೆಗೆ ಕೊಟ್ಟೂರೇಶ್ವರನ ಚಿತ್ರ ಇರುತ್ತದಲ್ಲ, ಅದಕ್ಕೆ ಕತ್ತರಿ ಆಡಿಸಲು ಕೈ ಬರಲಿಲ್ಲ. ದೇವರನ್ನು ಮೊದಲು ಬೇರೆ ಮಾಡಿ ಡಬ್ಬಿಗೆ ಹಾಕಿದೆ. ಮದುಮಕ್ಕಳ ಹೆಸರಿನ ಮೇಲೆ ಮಾತ್ರ ಯಾವ ಮುಲಾಜೂ ಇಲ್ಲದೆ ಕತ್ತರಿ ಹೋಯಿತು.

ನಮ್ಮ ಓಣಿಯಲ್ಲಿ ಕೌದಿ ಹೊಲಿಯುವ ಮುದುಕಿಯೊಬ್ಬಳಿದ್ದಾಳೆ. ಕೂಲಿಗೆ ಮನೆಮನೆಗೆ ಹೋಗಿ ಹೊಲಿಯುತ್ತಿದ್ದವಳು. ಈಗ ಕಣ್ಣು ಸಾಲದು, ಕೈ ಸಾಕು. ಮೂಲೆಯಿಂದ ಸೂಜಿ ಹಿಡಿದರೆ ಅಂಚಿನುದ್ದಕ್ಕೂ ಹೋಗಿ, ಸುತ್ತು ಸುತ್ತಾಗಿ ನಡುವಿಗೆ ಬಂದು ನಿಲ್ಲುತ್ತಾಳೆ. ಸೀಸದ ಕಡ್ಡಿಯಲ್ಲಿ ಗೆರೆ ಎಳೆದದ್ದನ್ನು ಯಾರೂ ಕಂಡಿಲ್ಲ. ಕೂಡಿಸಿದ ಬಟ್ಟೆಯನ್ನು ಅವಳ ಮುಂದೆ ಹರಡಿದೆ. ಚಂದ್ರಕಾಳಿಯ ಕಪ್ಪು, ಧೋತರಕ್ಕೆ ಚಹಾದ ಬಣ್ಣ ಹಾಕಿ ತಂದ ಮಣ್ಣುಬಣ್ಣ, ನಡುನಡುವೆ ಕೆಂಪು. ಮುದುಕಿ ಬೆರಳಾಡಿಸಿದಳು, ಹೊಲಿಗೆ ಸಣ್ಣದಾಗಿದೆ ಅಂದಳು. ನಾನು ಹೊಗಳಿಕೆಗೆ ಕಾದು ಕೂತಿದ್ದೆ. ಫೋನಿನ ಚಿತ್ರವನ್ನೂ ತೋರಿಸಿದೆ.

“ಇದು ಕೆರಿ ಅಲ್ಲೇನಬೇ?”

ಹೌದು ಅಂದೆ.

“ಒಣಗಿದ ಕೆರೀನ ಕೂಸಿಗೆ ಹೊದಸ್ತೀ?”

ನನಗೆ ಸಿಟ್ಟೇ ಬಂತು ಅನ್ನಬೇಕು. ಇದು ಬರೀ ಆಕಾರ, ಗೆರೆ, ಲೆಕ್ಕ ಎಂದು ವಾದಿಸಿದೆ. ಅವಳು ಒಪ್ಪಿದಂತೆ ತಲೆಯಾಡಿಸಿದಳು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು, ಆಮೇಲೆ ಕೇಳಿದಳು: “ಹೊಲದಾಗಿನ ಬಿರುಕಾದ್ರೆ ಆಗ್ತಿತ್ತು. ಕೂಳಿ ಎಲ್ಲೈತಿ?”

ಕೂಳೆ ಅಂದರೆ ಜೋಳ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಮೋಟು. ಹಡಗಲಿ, ಹರಪನಹಳ್ಳಿ ಕಡೆಯ ಎರೆಹೊಲಗಳನ್ನು ಬೇಸಿಗೆಯಲ್ಲಿ ನೋಡಿದವರಿಗೆ ಗೊತ್ತು, ಅಲ್ಲಿಯೂ ನೆಲ ಹೀಗೇ ಬಾಯಿ ಬಿಡುತ್ತದೆ, ಮೊಣಕೈವರೆಗೆ ಕೈ ಇಳಿಯುವಷ್ಟು. ಎರೆಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮೇಲಿನ ಪುಡಿಮಣ್ಣು ಬಿರುಕಿಗೆ ಬೀಳುತ್ತದೆ, ಮೊದಲ ಮಳೆ ನೇರ ಆಳಕ್ಕೆ ಇಳಿಯುತ್ತದೆ. ಎರೆನೆಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಅನ್ನುವುದು ಇದಕ್ಕೇ. ಒಕ್ಕಲಿನವರು ಆ ಬಿರುಕಿಗೆ ಅಂಜುವುದಿಲ್ಲ, ಬಿರಿಯದಿದ್ದರೇ ಚಿಂತೆ. ಕೆರೆಯ ಬಿರುಕು ಹಾಗಲ್ಲ. ಅದು ಬಾವಿ, ಬೋರು, ದನಕರು, ಕೊನೆಗೆ ಊರು ಬಿಡುವ ದಿನ. ಮುದುಕಿಗೆ ಎರಡೂ ಬೇರೆ ಬೇರೆ ಚಿತ್ರ. ನನಗೆ ಎರಡೂ ಆರು ಮೂಲೆ.

ಕೂಡ್ಲಿಗಿ, ಹರಪನಹಳ್ಳಿಯ ತಾಂಡಾಗಳಿಂದ ಬೆಂಗಳೂರಿಗೋ ಕಾಫಿ ಸೀಮೆಗೋ ಗುಳೆ ಹೊರಡುವವರ ಗಂಟು ನೋಡಿದ್ದೇನೆ. ಪಾತ್ರೆ, ಹಿಟ್ಟಿನ ಚೀಲ, ಮೇಲೊಂದು ಕೌದಿ. ಕೆರೆ ಹೀಗೆ ಬಿರಿದ ವರ್ಷ ಆ ಗಂಟುಗಳು ಹೆಚ್ಚು. ಅದೇ ಬಿರುಕನ್ನು ನಾನು ಕೌದಿಗೆ ತರಲು ಹೊರಟಿದ್ದೆ. ಬರ ಬಂದ ವರ್ಷ ಪತ್ರಿಕೆಗಳೂ ಇದೇ ಚಿತ್ರ ಹಾಕುತ್ತವೆ: ಒಡೆದ ಕೆರೆಯಂಗಳ, ತಲೆಯ ಮೇಲೆ ಕೊಡ ಹೊತ್ತ ಹೆಂಗಸು. ನೋಡಿ ನೋಡಿ ಅದು ನಮಗೆ ಬರವಾಗಿ ಕಾಣುವುದೇ ನಿಂತುಹೋಗಿದೆ. ಒಳ್ಳೆಯ ಫೋಟೊ ಆಗಿ ಕಾಣುತ್ತದೆ. ಇನ್ನೊಬ್ಬರ ಸಂಕಟದಿಂದ ಚೆಲುವು ತೆಗೆಯಬಾರದೇ? ತೆಗೆಯಬಾರದು ಎಂದರೆ ಅರ್ಧ ಸಾಹಿತ್ಯವನ್ನೇ ಮಡಚಿಡಬೇಕಾಗುತ್ತದೆ. ಅಷ್ಟು ದೊಡ್ಡ ತೀರ್ಪು ಕೊಡುವವಳು ನಾನಲ್ಲ. ಆದರೆ ತೆಗೆಯುವಾಗ ಏನನ್ನು ಕತ್ತರಿಸಿ ಹೊರಗಿಡುತ್ತೇನೆ ಎಂಬುದಕ್ಕೆ ಲೆಕ್ಕ ಕೊಡಬೇಕಲ್ಲ. ದೇವರ ಚಿತ್ರಕ್ಕೆ ಕೊಟ್ಟ ಎಚ್ಚರವನ್ನು ಕುರಿಗಾಹಿಗೆ ನಾನು ಕೊಟ್ಟಿರಲಿಲ್ಲ.

ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಕಪ್ಪು ಜನರ ಊರಿದೆ. ಅಲ್ಲಿನ ಮಿಸೌರಿ ಪೆಟ್‌ವೇ ಎಂಬಾಕೆ ಗಂಡ ತೀರಿಕೊಂಡ ಮೇಲೆ, 1942ರಲ್ಲಿ, ಅವನು ಹೊಲಕ್ಕೆ ಹಾಕಿಕೊಂಡು ಹೋಗುತ್ತಿದ್ದ ಬಟ್ಟೆಗಳನ್ನೇ ಹರಿದು ಕೌದಿ ಹೊಲಿದಳು. 2002ರಲ್ಲಿ ಆ ಊರಿನ ಕೌದಿಗಳು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನ ಗೋಡೆ ಏರಿದಾಗ ನೋಡಿದವರು ಅವನ್ನು ಆಧುನಿಕ ಚಿತ್ರಕಲೆಗೆ ಹೋಲಿಸಿದರು. ಹೋಲಿಕೆ ತಪ್ಪೇನಲ್ಲ. ಅವಳಿಗೆ ಮಾತ್ರ ಅದು ಅವನ ಅಂಗಿ, ಅವನ ಪ್ಯಾಂಟು. ನಮ್ಮ ಹತ್ತಿರದ ಮಾತೂ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯಲ್ಲಿ ಸಂಡೂರಿನ ಲಂಬಾಣಿ ಹೆಂಗಸರು ಕಸೂತಿ ಹಾಕಿದ 1755 ವಸ್ತುಗಳನ್ನಿಟ್ಟು ಗಿನ್ನೆಸ್ ದಾಖಲೆ ಮಾಡಿದರು. ಆ ಕಸೂತಿಯ ಒಂದು ಹೊಲಿಗೆಯ ಹೆಸರೂ ಕೌದಿ. ನಾಲ್ಕು ನೂರಕ್ಕೂ ಹೆಚ್ಚು ಹೆಂಗಸರ ಕೈಕೆಲಸಕ್ಕೆ ನಮ್ಮ ನೆನಪಿನಲ್ಲಿ ಉಳಿದದ್ದು ಆ ಒಂದು ಅಂಕಿ.

ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರ ಕೌದಿಯ ನಾಲ್ಕು ಮೂಲೆಗೆ ಬಟ್ಟೆ ಮಡಚಿದ ತ್ರಿಕೋನದ ಹೂವು ಇರಲೇಬೇಕು. ಇಲ್ಲದಿದ್ದರೆ ಕೌದಿ ಬೆತ್ತಲೆ ಅನ್ನುತ್ತಾರೆ. ಮೊದಲು ಓದಿದಾಗ ಇದೊಂದು ಅಲಂಕಾರದ ಮಾತು ಅಂದುಕೊಂಡಿದ್ದೆ. ಮುದುಕಿ ಕೂಳೆ ಕೇಳಿದ ಮೇಲೆ ಬೇರೆಯಾಗಿ ಕೇಳಿಸಿತು. ನಾನು ಹೊಸತನ ಹುಡುಕಿದ್ದು ಆಕಾರದಲ್ಲಿ. ಅವಳು ಕೇಳಿದ್ದು, ಇದರಡಿ ಮಲಗುವುದು ಯಾರು, ಮಲಗಿದಾಗ ಮೈಮೇಲೆ ಏನಿರುತ್ತದೆ ಎಂದು.

ಬಿಚ್ಚಬೇಕೇ? ಎರಡು ದಿನ ಅದೇ ಯೋಚನೆ. ನೂರಾ ಅರವತ್ತು ತುಂಡು ಬಿಚ್ಚುವ ಸಂಕಟ ನೆನೆದೇ ನನ್ನ ನೀತಿ ಸ್ವಲ್ಪ ಮೆತ್ತಗಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಹರಪನಹಳ್ಳಿ ತಾಲ್ಲೂಕನ್ನು 1997ರಲ್ಲಿ ಬಳ್ಳಾರಿಯಿಂದ ಬಿಚ್ಚಿ ದಾವಣಗೆರೆಗೆ ಹೊಲಿದರು, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಅಷ್ಟು ಸಲೀಸಾಗಿ ಬಿಚ್ಚಿ ಹೊಲಿಯಲು ನನ್ನ ಕೈಯಲ್ಲಿ ಗೆಜೆಟ್ ಇಲ್ಲ.

ಮೂರನೆಯ ದಿನ ಊರ ಹೊರಗಿನ ಎರೆಹೊಲಕ್ಕೆ ಹೋದೆ. ಫೋನು ತೆಗೆಯಲಿಲ್ಲ, ಬದುವಿನ ಮೇಲೆ ಕೂತೆ. ಬಿರುಕುಗಳು ಸಾಲಿಗೆ ಅಡ್ಡಾದಿಡ್ಡಿ ಹೋಗಿದ್ದವು, ಕೂಳೆ ಮಾತ್ರ ಬಿತ್ತಿದ ಸಾಲು ಬಿಟ್ಟಿರಲಿಲ್ಲ. ಕೆಲವು ತುಂಡಿನಲ್ಲಿ ಎರಡು ಮೋಟು, ಕೆಲವಕ್ಕೆ ಒಂದು, ಕೆಲವು ಖಾಲಿ. ಮನೆಗೆ ಬಂದು ಇಳಕಲ್ಲಿನ ಸೆರಗಿನಿಂದ ಬಿಳಿ ಎಳೆ ಬಿಚ್ಚಿ, ಅದೇ ಲೆಕ್ಕದಲ್ಲಿ ಕೌದಿಯ ಅಡ್ಡಕ್ಕೂ ನೇರ ಸಾಲಾಗಿ ಸಣ್ಣ ಸಣ್ಣ ಗೀಟು ಹೊಲಿದೆ. ಆರು ಮೂಲೆಗಳ ಮೇಲೆ ಹಾದುಹೋಗುವ ಬಿತ್ತನೆಯ ಸಾಲು. ಕಾಗದಗಳನ್ನು ತೆಗೆದು, ಒಳಗೆ ಅಪ್ಪನ ಧೋತರ ಹಾಸಿ, ಸುತ್ತು ಹೊಲಿಗೆಗೆ ಮುದುಕಿಯ ಕೈಗೇ ಕೊಟ್ಟೆ. ಅವಳು ಗೀಟುಗಳನ್ನು ನೋಡಿದಳು. ಏನೂ ಅನ್ನಲಿಲ್ಲ. ಕೂಲಿ ಮಾತ್ರ ಹೆಚ್ಚು ಕೇಳಿದಳು, ನಾಲ್ಕು ಪದರ ಆಗಿದೆ ಎಂದು.

ಕೌದಿ ಈಗ ಎಷ್ಟೋ ಸಲ ಒಗೆತ ಕಂಡಿದೆ. ಚಂದ್ರಕಾಳಿಯ ಕಪ್ಪು ಬೂದಿಗೆ ತಿರುಗಿದೆ. ಕೆರೆಯ ಚಿತ್ರವನ್ನು ಅಳಿಸಿಲ್ಲ. ಕತ್ತರಿಸುವ ಮೊದಲಿನದ್ದೂ ಫೋನಿನಲ್ಲಿದೆ ಎಂದು ಮೊನ್ನೆ ಗೊತ್ತಾಯಿತು. ದೊಡ್ಡದು ಮಾಡಿ ನೋಡಿದೆ. ಬಲಗಡೆ ಮೂಲೆಯಲ್ಲಿ ಕುರಿಗಾಹಿ ಮೊಣಕಾಲೂರಿ ಬಗ್ಗಿದ್ದಾನೆ, ಕೈಯಲ್ಲಿ ತಗಡಿನ ಡಬ್ಬಿ. ಕೆರೆಯ ನಡುವೆ ಒರತೆ ತೋಡುತ್ತಿದ್ದಾನೆ.